ಅಪ್ಪ ದಿನಾ ವಾಕಿಂಗ್ ಮಾಡಿದರೂ ಶುಗರ್ ಇಳಿಯುತ್ತಿಲ್ಲ

ದಾವಣಗೆರೆ ಹುಡುಗ:
ಅಪ್ಪನಿಗೆ 58, ಟೈಪ್ 2 ಶುಗರ್. ಬೆಳಗ್ಗೆ ಕುಂದವಾಡ ಕೆರೆ ಹತ್ತಿರ ಮುಕ್ಕಾಲು ಗಂಟೆ ನಡೆಯುತ್ತಾರೆ, ಬರುವಾಗ ಗೆಳೆಯರ ಜೊತೆ ಬೆಣ್ಣೆ ದೋಸೆ (ಎರಡು ತಿಂದು ಒಂದೇ ಅಂತಾರೆ), ಆಮೇಲೆ ಟಿವಿ ಮುಂದೆ ಕೂತರೆ ಮಧ್ಯಾಹ್ನದವರೆಗೂ ಏಳುವುದಿಲ್ಲ. ತಿಂದು ಎರಡು ಗಂಟೆ ಬಿಟ್ಟು ನೋಡಿದರೆ 240. ನಡೆದದ್ದು ಸುಮ್ನೆ ವೇಸ್ಟಾ?

ಕೆರೆ ದಂಡೆ:
ವೇಸ್ಟ್ ಅಲ್ಲ. ನಡೆಯುವಾಗ ಸ್ನಾಯುಗಳು ಇನ್ಸುಲಿನ್ ನೆಚ್ಚಿಕೊಳ್ಳದೆಯೂ ರಕ್ತದ ಸಕ್ಕರೆ ಎಳೆದುಕೊಳ್ಳುತ್ತವೆ. ಆದರೆ ದೋಸೆ ತಿಂದು ಕೂತುಬಿಟ್ಟರೆ ಏರದೆ ಇರುತ್ತಾ? ತಿಂದ ಮೇಲೆ 15 ನಿಮಿಷ ನಡೆಸಿ ನೋಡಿ. ನಾನು ಊಟ ಆದ ಕೂಡಲೇ ಓಣಿಯಲ್ಲೇ ನಾಲ್ಕು ಸುತ್ತು ಹಾಕುತ್ತೇನೆ, 210 ಬರುತ್ತಿದ್ದದ್ದು ಈಗ 165ರ ಆಸುಪಾಸು.

ದುರ್ಗದ ಅಕ್ಕ:
ನಡಿಗೆ ಒಂದೇ ಸಾಲದು, ವಾರಕ್ಕೆ 2-3 ದಿನ ಸ್ನಾಯುಗೆ ಕೆಲಸ ಕೊಡಬೇಕು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದೂ ಆಗುತ್ತೆ. ಇನ್ನೊಂದು, ಗ್ಲಿಮೆಪಿರೈಡ್ ಥರದ (ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುವ) ಮಾತ್ರೆ ಇದ್ದರೆ ಖಾಲಿ ಹೊಟ್ಟೆಯಲ್ಲಿ ಜಾಸ್ತಿ ನಡೆದಾಗ ಶುಗರ್ ತೀರಾ ಇಳಿಯಬಹುದು. ನಾನೊಮ್ಮೆ ಕೋಟೆ ಮೆಟ್ಟಿಲಲ್ಲಿ ಬೆವೆತು ಕೈ ನಡುಗಿ ಕೂತಿದ್ದೆ, ಮೀಟರ್‌ನಲ್ಲಿ 62. ಅವತ್ತಿನಿಂದ ಪರ್ಸಿನಲ್ಲಿ ಗ್ಲುಕೋಸ್ ಪುಡಿ ಇರಲೇಬೇಕು.

ದಾವಣಗೆರೆ ಹುಡುಗ:
ಅಯ್ಯೋ, ಅಪ್ಪಂದೂ ಅದೇ ಮಾತ್ರೆ ಅಕ್ಕಾ! ಡಾಕ್ಟರನ್ನು ಕೇಳುತ್ತೇನೆ. ದೋಸೆ ವಿಷಯ ಮಾತ್ರ ನೀವೇ ಬಂದು ಹೇಳಿ.