ನಿದ್ದಿ ಹತ್ತಿದರ ಕೈ ಸರಿ ಹೋಗ್ತದ, ಎದ್ದ ಮ್ಯಾಲ ಮತ್ತ ಜೋಲು: ಇದೇನು ರೋಗ್ರಿ?

ಆಳಂದ ತಾಲೂಕಿನ ತಾಯಿ:

ಎಲ್ಲಾರಿಗೂ ಶರಣು. ನನ್ನ ಮಗನಿಗೆ ಈಗ ಹನ್ನೊಂದು ತಿಂಗಳು. ಮೂರನೇ ತಿಂಗಳಾಗ ಒಂದೇ ಕಣ್ಣು, ಬಲಗಡಿದು, ಗಡಗಡ ನಡಗ್ತಿತ್ತು. ಇನ್ನೊಂದು ಸುಮ್ನ ಇರ್ತಿತ್ತು. ಆರನೇ ತಿಂಗಳಾಗ ಒಂದಿನ ನಮ್ಮ ಅತ್ತಿ ಕಾಲ ಮ್ಯಾಲ ಹಾಕ್ಕೊಂಡು ಬಿಸಿನೀರು ಎರಿಲಕತ್ತಾಗ ಎಡಗೈ, ಎಡಗಾಲು ಒಮ್ಮಿಗೇ ಜೋಲು ಬಿದ್ದವು. ಎಚ್ಚರ ಇತ್ತು, ನನ್ನೇ ನೋಡ್ಲಕತ್ತಿತ್ತು. ಅಳಕೋತ ಮಲಗಿದ. ಎದ್ದು ನೋಡಿದರ ಎರಡೂ ಕೈಲೆ ಗಿಲಕಿ ಹಿಡಕೊಂಡ! ಹದಿನೈದು ದಿನಕ್ಕ ಬಲಗಡಿ. ಈಗ ತಿಂಗಳಿಗೆ ನಾಕೈದು ಸಲ ಆಗ್ತದ. ಒಮ್ಮೊಮ್ಮೆ ಅರ್ಧ ತಾಸು, ಒಮ್ಮೊಮ್ಮೆ ಎರಡು ದಿನ.

ಎರಡು ದವಾಖಾನಿ ಆಯ್ತು. ಫಿಟ್ಸ್ ಅಂದಾರ, ಔಷಧಿ ನಡದದ, ಕಮ್ಮಿ ಇಲ್ಲ. ಇಇಜಿ ನಾರ್ಮಲ್, ತಲಿ ಎಂಆರ್‌ಐ ನಾರ್ಮಲ್. ಊರಾಗ ನದರ ಅಂತಾರ, ತಾಯತ ಕಟ್ಯಾರ.

ಇನ್ನೊಂದು ಮಾತು. ನನಗ ಸೋದರಮಾವಗೇ ಕೊಟ್ಟಾರ. ಅತ್ತಿ ಅಂದ್ರ ನಮ್ಮವ್ವನ ಅವ್ವ, ನನ್ನ ಅಜ್ಜಿನೇ. ರಕ್ತದಾಗ ಕೊಟ್ಟಿದ್ದಕ್ಕ ಹಿಂಗಾತು ಅಂತ ಓಣ್ಯಾಗಿನವರು ಅಂದಾಗಿಂದ ಅಜ್ಜಿ ಕೂಸಿಗೆ ನೀರು ಎರಿಯೂದು ಬಿಟ್ಟಾಳ. "ಗಂಟು ಹಾಕ್ದಕಿ ನಾನೇ, ನನ್ನ ಕೈ ಛಲೋ ಇಲ್ಲ" ಅಂತ ಕಟ್ಟಿಮ್ಯಾಲ ಕುಂತಬಿಡ್ತಾಳ. ಗೊತ್ತಿದ್ದವರು ಹೇಳ್ರಿ.

ಶಹಾಬಾದ ಕಾಕಾ:

ಇದು ಲಕ್ವಾ ಅದವ್ವ. ನಮ್ಮ ಕಡಿ ಒಬ್ಬರು ನಾಟಿ ಪುಡಿ ಕೊಡ್ತಾರ, ಮೂರು ಅಮಾಸಿ ಕುಡಸಬೇಕು.

ಸೇಡಂ ಕಂಡಕ್ಟರ್:

ಕಾಕಾ, ಸಿಟ್ಟಾಗಬ್ಯಾಡ್ರಿ, ಹನ್ನೊಂದು ತಿಂಗಳ ಕೂಸಿಗೆ ಪುಡಿಗಿಡಿ ಬ್ಯಾಡ.

ತಂಗಿ, ನಾನು ಬಸ್ ಕಂಡಕ್ಟರ್. ನನ್ನ ಮಗಳಿಗೆ ಏಳು ವರ್ಷ. ನೀ ಬರದದ್ದು ಓದಿ ನನ್ನ ಹೆಂಡತಿಗೆ ಫೋನ್ ಕೊಟ್ಟೆ. "ಇದು ನಮ್ದೇ ಕಥಿ ಅದಲ್ರಿ" ಅಂದ್ಲು. ನಮ್ಮಕಿಗೆ ಇರೂದರ ಹೆಸರು ಆಲ್ಟರ್ನೇಟಿಂಗ್ ಹೆಮಿಪ್ಲೀಜಿಯಾ ಆಫ್ ಚೈಲ್ಡ್‌ಹುಡ್. ಪಾಳಿ ಹಚ್ಚಿ ಬರೋ ಅರ್ಧಾಂಗ ಅನ್ನು: ಇವತ್ತು ಎಡ, ನಾಳಿ ಬಲ, ಒಮ್ಮೊಮ್ಮೆ ಎರಡೂ. ಹದಿನೆಂಟು ತಿಂಗಳ ಒಳಗೇ ಸುರು ಆಗ್ತದ, ಕಣ್ಣಿಂದೂ ಭಾಳ ಮಕ್ಕಳಿಗೆ ಮೊದಲೇ ಬಂದಿರ್ತದ. ಹತ್ತು ಲಕ್ಷಕ್ಕ ಒಂದು ಅಂತಾರ. ನಮ್ಮ ಕಡಿ ಡಾಕ್ಟರು ಜನ್ಮದಾಗ ಒಂದು ಕೇಸ್ ನೋಡಿರೂದಿಲ್ಲ. ಅವರ ತಪ್ಪಲ್ಲ ಅಂತ ಈಗ ಅಂತೀನಿ, ಆಗ ಜಗಳ ಆಡೇ ಬಂದೀನಿ.

ನಾವೂ ಎರಡು ವರ್ಷ ಫಿಟ್ಸ್ ಅಂತಲೇ ತಿರಗೀವಿ. ಕಡೀಕ ಬೆಂಗಳೂರು ನಿಮ್ಹಾನ್ಸ್‌ಗೆ ಹೋದಾಗ ಒಬ್ಬ ಡಾಕ್ಟರಮ್ಮ ಫೈಲು ಬಾಜೂಕ ಸರಿಸಿ, "ಮಗು ಮಲಗಿದಾಗ ಏನಾಗುತ್ತೆ?" ಅಂತ ಕೇಳಿದ್ರು. ಅಲ್ಲೀತನಕ ಯಾರೂ ಕೇಳಿದ್ದಿಲ್ಲ. "ಮಲಗಿದರ ಪೂರಾ ಹೋಗ್ತದ್ರಿ, ಎದ್ದು ಹತ್ತಿಪ್ಪತ್ತು ನಿಮಿಷ ಛಲೋ ಆಡ್ತಾಳ, ಆಮ್ಯಾಲ ಮತ್ತ ಬೀಳ್ತದ" ಅಂದ್ಲು ನನ್ನ ಹೆಂಡತಿ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಮ್ಮ ಮಾರಿ ನೋಡಿದ್ರು. ಆ ಹತ್ತಿಪ್ಪತ್ತು ನಿಮಿಷ ಕೈಬಿಡಬ್ಯಾಡ ತಂಗಿ. ದಿನಗಟ್ಲೆ ನಡದಾಗ ನಾವು ಉಣ್ಣಸೂದು, ನೀರು ಕುಡಸೂದು, ಗುಳಿಗಿ ಹಾಕೂದು ಎಲ್ಲಾ ಅದರಾಗೇ. ಎರಡೂ ಕಡಿ ಬಿದ್ದಾಗ ನುಂಗ್ಲಿಕ್ಕಿ ಬರೂದಿಲ್ಲ, ಬಾಯಾಗ ಏನೂ ಹಾಕಬ್ಯಾಡ, ಒಂದು ಬಗಲಿಗೆ ಮಲಗಿಸು. ಉಸರು ತೊಡಕಾದರ ದವಾಖಾನಿಗಿ ಓಡು.

ಲೆಕ್ಕ ಬರಿ. ಈಗ ಟಿಕೆಟ್ ಮಷಿನ್ ಬಂದದ, ನಾನು ಕೈಲೆ ವೇಬಿಲ್ ಬರದಂವ, ಆ ಚಾಳಿ ಇಲ್ಲಿ ಉಪಯೋಗ ಆಯ್ತು. ಮಗಳ ವಹಿಯಾಗಿನ ಒಂದು ಪಾನಾ ಹಿಂಗದ: "ಮುಂಜಾನಿ 8:10 ನೀರು ಎರದದ್ದು. 8:20 ಬಲಗೈ. 9:05 ನಿದ್ದಿ. 10:15 ಎದ್ದಳು, ಕೈ ಛಲೋ. 10:30 ಮತ್ತ ಬಲಗೈ." ನಾಕು ತಿಂಗಳ ಪಾನಾ ತಿರವಿದಾಗ ತಿಳೀತು, ಅರ್ಧಕ್ಕಿಂತ ಹೆಚ್ಚು ಸಲ ನೀರು ಎರದ ಮ್ಯಾಲೇ ಬಂದದ. ನಮ್ಮವರು ಕೂಸಿಗೆ ಹಂಡ್ಯಾಗಿನ ಕುದಿನೀರು ತೋಡಿ ಹೊಗಿ ಏಳೂಹಂಗ ಎರೀತಾರಲ್ಲ, ಅದೇ. ಒಮ್ಮಿಗೇ ಬಿಸಿ, ಒಮ್ಮಿಗೇ ತಣ್ಣಗ, ಝಗಝಗ ಬೆಳಕು, ದಣಿವು, ಅತಿ ಖುಷಿ, ಯಾವುದರಿಂದಾದರೂ ಬರ್ತದ. ಶರಣಬಸವೇಶ್ವರ ಜಾತ್ರ್ಯಾಗ ತೊಟ್ಟಲದ ಲೈಟು ನೋಡಿ ನಕ್ಕೋತ ಇದ್ದಕಿ ನನ್ನ ಹೆಗಲಮ್ಯಾಲೇ ಜೋಲು ಬಿದ್ದಳು. ಆವತ್ತು ಜಿಲೇಬಿ ಪುಡಕಿ ಅಲ್ಲೇ ಬಿಟ್ಟು ಬಂದೀವಿ. ಬ್ಯಾಸಗಿ ನಮ್ಮ ಕಲಬುರಗಿದು ನಿನಗ ಗೊತ್ತೇ ಅದ, ಏಪ್ರಿಲ್ ಮೇ ನಮಗ ಭಾಳ ತ್ರಾಸ. ಬಂದಾಗ ಮೊಬೈಲ್‌ನ್ಯಾಗ ವಿಡಿಯೊ ತಗಿ, ಮಾರಿ, ಕಣ್ಣು, ಎರಡೂ ಕೈ ಕಾಣಬೇಕು. ಮಲಗಿ ಎದ್ದದ್ದೂ ತಗಿ.

ಇನ್ನ ಅಜ್ಜಿ ಮಾತು. ಈ ರೋಗದ ಮಕ್ಕಳಾಗ ಭಾಳಷ್ಟು ಮಂದಿಗೆ ಎಟಿಪಿ1ಎ3 ಅನ್ನೋ ಜೀನಿನ್ಯಾಗ ದೋಷ ಇರ್ತದ, 2012ರಾಗ ಕಂಡುಹಿಡದಾರ. ನರಕೋಶದಾಗ ಸೋಡಿಯಂ ಹೊರಗ ಹಾಕಿ ಪೊಟ್ಯಾಸಿಯಂ ಒಳಗ ಎಳಿಯೋ ಪಂಪು ಅದ, ಆ ಪಂಪಿನ ದೋಷ. ಅದು ಹೆಚ್ಚಾಗಿ ಅಪ್ಪನ ಕಡಿಂದಲ್ಲ, ಅವ್ವನ ಕಡಿಂದಲ್ಲ, ಆ ಕೂಸಿನಾಗೇ ಹೊಸದಾಗಿ ಆಗಿರ್ತದ. ನನ್ನ ಹೆಂಡತಿ ಯಾದಗಿರಿ ಕಡ್ಯಾಕಿ, ಏಳು ತಲೀಲಿಂದ ಸಂಬಂಧ ಇಲ್ಲ. ನಮಗೂ ಬಂತಲ್ಲ? ಇದನ್ನ ಅಜ್ಜಿ ಮುಂದ ಓದು.

ಔಷಧಿ: ಫ್ಲುನಾರಿಜಿನ್ ಅಂತ, ಮೈಗ್ರೇನ್‌ಗೂ ಕೊಡ್ತಾರ. ಬೇರಿನಿಂದ ಕೀಳೂದಿಲ್ಲ. ನಮ್ಮಕಿಗೆ ತಿಂಗಳಿಗೆ ಎಂಟು ಇದ್ದದ್ದು ಮೂರಕ್ಕ ಇಳದದ, ಎಲ್ಲಾ ಮಕ್ಕಳಿಗೂ ಹಿಡಸ್ತದ ಅಂತಿಲ್ಲ. ಸುಳ್ಳು ಧೈರ್ಯ ಹೇಳೂದಿಲ್ಲ, ನಡಿಗಿ ತೂರಾಡ್ತದ, ಅಕ್ಷರ ತಡಾ. ಸಾಲಿಗಿ ಹೋಗ್ತಾಳ. "ಕೈ ಮಲಗ್ಯಾದ್ರಿ ಟೀಚರ್, ನಾನೂ ಮಲಗ್ತೀನಿ" ಅಂತ ತಾನೇ ಹೇಳ್ತಾಳ.

ಬೀದರ್, ಮಕ್ಕಳ ಡಾಕ್ಟರ್ (ನಿವೃತ್ತ):

ಕಂಡಕ್ಟರ್ ಅಣ್ಣಾವ್ರು ಹೇಳಿದ್ದು ಸರಿ ಇದೆ, ಎರಡು ಮಾತು ಸೇರಿಸ್ತೀನಿ. ಇಲ್ಲಿ ಓದಿ ಇದೇ ರೋಗ ಅಂತ ಗಟ್ಟಿ ಮಾಡ್ಕೋಬೇಡಮ್ಮ. ಮೊಯಾಮೊಯಾ ಅಂತ ಮೆದುಳಿನ ರಕ್ತನಾಳ ಕಿರಿದಾಗೋ ಕಾಯಿಲೆಯಲ್ಲೂ ಒಂದೊಂದು ಕಡೆ ಶಕ್ತಿ ಹೋಗುತ್ತೆ, ಜೋರಾಗಿ ಅತ್ತಾಗಲೂ ಬರಬಹುದು. ರಕ್ತನಾಳದ ಎಂಆರ್‌ಐ ಆಗಿದೆಯಾ ಕೇಳು. ಗ್ಲೂಟ್1 ಕೊರತೆ ಅಂತ ಇನ್ನೊಂದಿದೆ. ಮೆದುಳಿಗೆ ಗ್ಲೂಕೋಸ್ ಸಾಕಷ್ಟು ಹೋಗೋದಿಲ್ಲ, ಹಸಿವೆಯಲ್ಲಿ ಹೆಚ್ಚಾಗುತ್ತೆ, ಅದಕ್ಕೆ ಆಹಾರ ಬದಲಿಸಿಯೇ ಚಿಕಿತ್ಸೆ. ಆದ್ದರಿಂದ ಹಾಲು, ಊಟದ ಹೊತ್ತೂ ಬರಿ.

ಫಿಟ್ಸ್ ಔಷಧಿ ನೀನಾಗಿ ನಿಲ್ಲಿಸಬೇಡ. ಅರ್ಧಾಂಗದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ನಿಜವಾದ ಫಿಟ್ಸ್ ಕೂಡ ಇರುತ್ತೆ. ವಿಡಿಯೊ ನೋಡಿದ ನರರೋಗ ತಜ್ಞರೇ ತೀರ್ಮಾನಿಸಲಿ. ಮುಂದಿನ ಮಗುವಿನ ಯೋಚನೆ ಇದ್ದರೆ ಜೀನ್ ಪರೀಕ್ಷೆ ಆದ ಮೇಲೆ ಕೇಳು. ಸೋದರ ಸಂಬಂಧದಿಂದ ಬೇರೆ ಕೆಲವು ಕಾಯಿಲೆ ಹೆಚ್ಚೋದು ನಿಜ, ಅದು ಬೇರೆ ಮಾತು.

ಆಳಂದ ತಾಲೂಕಿನ ತಾಯಿ:

ಅಣ್ಣಾ, ಸರ್, ನಿಮ್ಮ ಉಪಕಾರ ಮರಿಯೂದಿಲ್ಲ. ನಿನ್ನಿ ರಾತ್ರಿ ಬಂತು, ಈ ಸಲ ಬಲಗೈ. ವಿಡಿಯೊ ತಗದೀನಿ, ಎದ್ದ ಮ್ಯಾಲಿಂದೂ ತಗದೀನಿ. ಬರೂ ವಾರ ಬೆಂಗಳೂರಿಗಿ ಹೊಂಟೀವಿ.

ಅಜ್ಜಿ ಮುಂದ ಎಲ್ಲಾ ಓದಿದೆ. ಯಾದಗಿರಿ ಹೆಂಡತಿ ಮಾತು ಎರಡು ಸಲ ಓದಿಸ್ಕೊಂಡ್ಲು. ಭಾಳ ಹೊತ್ತು ಮಾತಾಡಲಿಲ್ಲ. ಈಗ ಬಂದು, ನೀರು ಎಷ್ಟು ಬೆಚ್ಚಗ ಇರಬೇಕು, ಹಂಡ್ಯಾಗಿಂದು ಅರ್ಧ, ಕೊಡದಾಗಿಂದು ಅರ್ಧ ಸಾಕೇನು, ಆ ಕಂಡಕ್ಟರಗ ಕೇಳು ಅನ್ಲಕತ್ತಾಳ.