ಅಪ್‌ಡೇಟ್: ಮ್ಯೂನಿಕ್‌ನ ಕೂಟಗಳಿಗೆ ಹೋಗಿ ಬಂದ ಮೇಲೆ

ಪೀಣ್ಯದ ನಮ್ಮ ಪಂಪ್ ಬಿಡಿಭಾಗಗಳ ಘಟಕದ ಕೆಲಸಕ್ಕಾಗಿ ನಾಲ್ಕು ತಿಂಗಳು ಮ್ಯೂನಿಕ್‌ಗೆ ಹೊರಟಿದ್ದಾಗ, ಅಲ್ಲಿ ನೆಲೆಸಿರುವ ಹೊರದೇಶದವರ ಕೂಟಗಳಿಗೆ ಹೋಗುವುದರಿಂದ ಪ್ರಯೋಜನವಿದೆಯೇ ಎಂದು ನಿಮ್ಮನ್ನು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು, ಕಳೆದ ವಾರ ಬೆಂಗಳೂರಿಗೆ ಮರಳಿದ್ದೇನೆ.

ಹೊರದೇಶಗಳಲ್ಲಿ ನೆಲೆಸಿದವರನ್ನು ಬೆಸೆಯುವ ಇಂಟರ್‌ನೇಷನ್ಸ್ ಎಂಬ ಜಾಲ 2007ರಲ್ಲಿ ಹುಟ್ಟಿದ್ದೇ ಆ ಊರಿನಲ್ಲಾದ್ದರಿಂದ ಕೂಟಗಳಿಗೆ ಕೊರತೆಯಿಲ್ಲ. ನಾನು ಹೋದ ಮೊದಲ ದೊಡ್ಡ ಕೂಟದಲ್ಲಿ ಹದಿನೇಳು ವಿಸಿಟಿಂಗ್ ಕಾರ್ಡ್‌ಗಳು ಕೈಸೇರಿದವು. ಯಾವುದರಿಂದಲೂ ಮಾತು ಮುಂದುವರಿಯಲಿಲ್ಲ.

ನಿಮ್ಮಲ್ಲೊಬ್ಬರು ಸೂಚಿಸಿದ್ದ ‘ಷ್ಟಾಮ್‌ಟಿಶ್’ ಮಾತ್ರ ನಿಜವಾಗಿ ಕೈಹಿಡಿಯಿತು. ನಿಗದಿತ ದಿನ, ಹೋಟೆಲಿನ ಒಂದೇ ಮೇಜನ್ನು ಕಾಯ್ದಿರಿಸಿ ಅದೇ ಜನ ಮತ್ತೆ ಮತ್ತೆ ಸೇರುವ ಜರ್ಮನ್ ಪದ್ಧತಿಯಿದು. ಬಸವನಗುಡಿಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿದ ಹಿರಿಯರು ಬೈಟು ಕಾಫಿಗೆ ಒಂದೇ ಮೂಲೆ ಹಿಡಿಯುವುದನ್ನು ನೋಡಿ ಬೆಳೆದ ನನಗೆ ಅದು ಪರಕೀಯವೆನಿಸಲಿಲ್ಲ. ಮೂರನೆಯ ವಾರ ನಾನು ತಲುಪುವಷ್ಟರಲ್ಲಿ ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಯಾರೋ ತಮ್ಮ ಕೋಟು ಇಟ್ಟು ನನಗಾಗಿ ಜಾಗ ಹಿಡಿದಿದ್ದರು. ಐದನೆಯ ವಾರ ಹಿರಿಯ ಎಂಜಿನಿಯರೊಬ್ಬರು, ನಮ್ಮ ‘ನೀವು’ವಿನಂತಹ ‘ಜೀ’ ಬಿಟ್ಟು, ‘ನೀನು’ವಿನಂತಹ ‘ಡು’ ಎನ್ನೋಣವೆಂದು ತಾವಾಗಿಯೇ ಹೇಳಿದರು. ಅಲ್ಲಿ ಈ ಮಾತು ಹಿರಿಯರಿಂದಲೇ ಬರಬೇಕು, ನಾವು ಆತುರಪಡಬಾರದು. ವ್ಯವಹಾರದ ವಿಷಯವನ್ನು ಅವರು ಎತ್ತಿದ್ದು ಅದಾದ ಮೇಲೆಯೇ.

ಈಗ ಅವರು ಕಳುಹಿಸಿದ ಎರಡು ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಡ್ರಾಯಿಂಗ್‌ಗಳು ನಮ್ಮ ಘಟಕದಲ್ಲಿವೆ. ಮಾದರಿ ಎರಕ ಮುಂದಿನ ತಿಂಗಳು ಆಗಲಿದೆ.