36 ದಿನದ ಚಂಡಮಾರುತ: ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ಗುಂಪು: ನಮ್ಮ ಮನೆ, ವಿಜಯಪುರ

ತಮ್ಮ: (ಬೇರೆ ಗುಂಪಿನಿಂದ ಬಂದದ್ದು) 1994ರಲ್ಲಿ ಪೆಸಿಫಿಕ್ ಸಾಗರದ ಮೇಲೆ ಜಾನ್ ಎಂಬ ಚಂಡಮಾರುತ 31 ದಿನ ಬದುಕಿತ್ತು! ಇದೇ ವಿಶ್ವದಾಖಲೆ!

ಕಾಕಾ: ಸುಮ್ನೆ ಏನೇನೋ ಕಳಿಸಬೇಡಪ್ಪ. ಚಂಡಮಾರುತ ಅಂದರೆ ನಾಲ್ಕೈದು ದಿನ. 2020ರ ಅಕ್ಟೋಬರ್ ನೆನಪಿದೆ ತಾನೆ? ಕಾಕಿನಾಡ ಹತ್ತಿರ ದಡಕ್ಕೆ ಬಂತು. ನಮ್ಮ ಕಡೆ ಸುರಿಯಿತು. ಭೀಮಾ ಉಕ್ಕಿ ತೊಗರಿ ಹೊಲದಲ್ಲಿ ಮೊಣಕಾಲುದ್ದ ನೀರು ನಿಂತಿತು. ಮುಗಿಯಿತು.

ಅಕ್ಕ: ಕಾಕಾ, 31 ದಿನ ನಿಜ. ತಮ್ಮಾ, ದಾಖಲೆ ಮಾತ್ರ ಹಳೆಯದು. 2023ರ ಫ್ರೆಡ್ಡಿ 36 ದಿನ ಇತ್ತು ಅಂತ ವಿಶ್ವ ಹವಾಮಾನ ಸಂಸ್ಥೆ 2024ರಲ್ಲಿ ಹೇಳಿದೆ. ಅತಿ ದೂರ ಹೋದ ದಾಖಲೆ ಈಗಲೂ ಜಾನ್‌ದೇ, 13 ಸಾವಿರ ಕಿಲೋಮೀಟರಿಗಿಂತ ಜಾಸ್ತಿ.

ತಮ್ಮ: 36! ಸೂಪರ್ ಅಲ್ವಾ!

ಕಾಕಾ: ಒಂದು ಸತ್ತು ಇನ್ನೊಂದು ಹುಟ್ಟಿರುತ್ತದೆ. ಹೆಸರು ಒಂದೇ ಇಟ್ಟಿರುತ್ತಾರೆ.

ಅಕ್ಕ: ಇಲ್ಲ ಕಾಕಾ. ಜಾನ್ ಪೆಸಿಫಿಕ್ ನಡುವಿನ ದಿನಾಂಕ ರೇಖೆ ದಾಟಿ ಪಶ್ಚಿಮಕ್ಕೆ ಹೋದ ಮೇಲೆ ಹರಿಕೇನ್ ಅನ್ನುವುದು ಬಿಟ್ಟು ಟೈಫೂನ್ ಅಂದರು. ಕರೆಯುವುದು ಬೇರೆ ಆಯಿತು, ಬಿರುಗಾಳಿ ಅದೇ.

36 ದಿನವೂ ಒಂದೇ ಜೋರು ಇರುವುದಿಲ್ಲ. ಅದಕ್ಕೆ ಬೆಚ್ಚಗಿನ ನೀರೇ ಊಟ, ಸುಮಾರು 26.5 ಡಿಗ್ರಿ ಇರಬೇಕು. ಆವಿ ಮೇಲೇರಿ ಮೋಡವಾಗುವಾಗ ಬಿಡುವ ಶಾಖದಿಂದ ಅದು ಸುತ್ತುತ್ತಾ ಇರುತ್ತದೆ. ಮೇಲಿನ ಗಾಳಿ ಬೇರೆ ದಿಕ್ಕಿಗೆ ಎಳೆದರೆ ಓರೆಯಾಗಿ ಸೊರಗುತ್ತದೆ. ಒಂದೇ ಕಡೆ ನಿಂತರೂ ಕಷ್ಟ, ಕಡಲನ್ನು ಕಲಕಿ ಕೆಳಗಿನ ತಣ್ಣೀರನ್ನು ತಾನೇ ಮೇಲೆ ತಂದುಕೊಳ್ಳುತ್ತದೆ. ನೆಲ ಸಿಕ್ಕರಂತೂ ಊಟವೇ ಬಂದ್.

ಫ್ರೆಡ್ಡಿ ಫೆಬ್ರವರಿ 6ಕ್ಕೆ ಆಸ್ಟ್ರೇಲಿಯಾದ ವಾಯವ್ಯಕ್ಕೆ ಎದ್ದು ಇಡೀ ಹಿಂದೂ ಮಹಾಸಾಗರ ದಾಟಿತು. 21ಕ್ಕೆ ಮಡಗಾಸ್ಕರ್ ದ್ವೀಪ, 24ಕ್ಕೆ ಆಫ್ರಿಕಾದ ಮೊಜಾಂಬಿಕ್. ಅಲ್ಲಿ ಸೊರಗಿ, ತಿರುಗಿ ಕಡಲಿಗೆ ಇಳಿದು, ಬೆಚ್ಚನೆ ನೀರು ಕುಡಿದು, ಮಾರ್ಚ್ 11ಕ್ಕೆ ಅದೇ ಮೊಜಾಂಬಿಕ್‌ಗೆ ಮತ್ತೆ ಬಡಿಯಿತು. ಪಕ್ಕದ ಮಲಾವಿಯ ಬ್ಲಾಂಟೈರ್‌ನಲ್ಲಿ ಗುಡ್ಡದ ಕೆಸರು ಮನೆಗಳ ಮೇಲೆ ಇಳಿಯಿತು. ಮಲಾವಿ ಒಂದರಲ್ಲೇ ಸತ್ತವರು, ಕಾಣೆಯಾದವರು ಸೇರಿ ಸಾವಿರಕ್ಕೂ ಜಾಸ್ತಿ. ಸೂಪರ್ ಅನ್ನಬೇಡ ತಮ್ಮಾ.

ತಮ್ಮ: ತಪ್ಪಾಯಿತು ಅಕ್ಕ. ಇದು ಗೊತ್ತಿರಲಿಲ್ಲ.

ಕಾಕಾ: ಆ ಜನರ ಬಗ್ಗೆ ಓದಿದರೆ ಕರುಳು ಚುರ್ ಅನ್ನುತ್ತದೆ. ಆದರೆ ನೆಲ ಹತ್ತಿದ್ದು ಮತ್ತೆ ಕಡಲಿಗಿಳಿದು ಜೀವ ಹಿಡಿಯುತ್ತದೆ ಅಂದರೆ ನಂಬಲು ಆಗುವುದಿಲ್ಲ.

ಅಕ್ಕ: ನೀವು ಹೇಳಿದ 2020ರದ್ದೇ ನೋಡಿ. ಮುಗಿಯಿತು ಅಂದಿರಿ. ಮುಗಿದಿರಲಿಲ್ಲ. ನಮ್ಮನ್ನು ತೋಯಿಸಿ, ಸೊಲ್ಲಾಪುರದ ಕಡೆ ಸೊರಗಿ, ಮಹಾರಾಷ್ಟ್ರ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಅಲ್ಲಿ ಇನ್ನೊಮ್ಮೆ ವಾಯುಭಾರ ಕುಸಿತವಾಗಿ ಎದ್ದಿತು. ಆಗ ಇಲ್ಲಿ ಭೀಮಾ ಇನ್ನೂ ತುಂಬಿ ಹರಿಯುತ್ತಿತ್ತು.

ಕಾಕಾ: ನಮ್ಮದೇ ಮಳೆ ಅಲ್ಲಿ ಮತ್ತೆ ಎದ್ದಿತ್ತಾ?

ಆಯಿ: ನನಗೆ ಆ ವಾರ ಚೆನ್ನಾಗಿ ನೆನಪಿದೆ. ಮಳೆ ಬಿಟ್ಟ ಮೇಲೇ ಹೊಳೆ ಜಾಸ್ತಿ ಬಂತು.

ಕಾಕಾ: ಅದು ಮೇಲೆ ಉಜನಿ ಡ್ಯಾಂನಿಂದ ಬಿಟ್ಟ ನೀರು ಅವ್ವಾ, ಅದು ಬೇರೆ. ಮತ್ತೆ ನಮ್ಮದು ಚಂಡಮಾರುತ ಆಗಿರಲೇ ಇಲ್ಲ, ಅಲ್ವಾ?

ಅಕ್ಕ: ಹೌದು ಕಾಕಾ, ತೀವ್ರ ವಾಯುಭಾರ ಕುಸಿತ ಅಷ್ಟೇ. ಅದಕ್ಕೇ ಹೆಸರೂ ಇಡಲಿಲ್ಲ. ಆದರೆ ಬೆಚ್ಚನೆ ನೀರು ಸಿಕ್ಕಿ ಮತ್ತೆ ಎದ್ದದ್ದು ಫ್ರೆಡ್ಡಿಯ ಹಾಗೆಯೇ.

ಕಾಕಾ: ಸರಿ, ಒಪ್ಪಿದೆ. ತಮ್ಮಾ, 31 ತೆಗೆದು ಫ್ರೆಡ್ಡಿಯ 36 ಹಾಕಿ ಮತ್ತೆ ಬರೆ, ಓಣಿ ಗುಂಪಿಗೆ ಕಳಿಸುತ್ತೇನೆ.

ತಮ್ಮ: ಜಾನ್ ಹೋದ ದೂರವನ್ನೂ ಸೇರಿಸಲಾ?

ಕಾಕಾ: ಸೇರಿಸು. ಮಲಾವಿಯ ಲೆಕ್ಕ ಮೊದಲ ಸಾಲಿನಲ್ಲೇ ಬರಲಿ.